ವಾರನ್ ಮೂನ್ ಅಂದರೆ ಬರೀ ಬಫಲೋ ಸೋಲಾ? ಕೆನಡಾದ ಆರು ವರ್ಷ ಲೆಕ್ಕಕ್ಕೆ ಇಲ್ವಾ?

ಬಯೂದಂಡೆ:

ನಾನು ಹ್ಯೂಸ್ಟನ್‌ಗೆ ಬಂದು 21 ವರ್ಷ ಆಯಿತು. ಬಂದಾಗ ಅಮೆರಿಕನ್ ಫುಟ್‌ಬಾಲ್‌ನ ತಲೆಬುಡ ಗೊತ್ತಿರಲಿಲ್ಲ. ಕಲಿಸಿದವರು ಪಕ್ಕದ ಮನೆಯ ಅಜ್ಜ. ಅವರ ಗ್ಯಾರೇಜ್ ಗೋಡೆಯಲ್ಲಿ ತಿಳಿನೀಲಿ ಜೆರ್ಸಿ ಒಂದು ಮೊಳೆಗೆ ನೇತಾಡುತ್ತಿದೆ. ನಂಬರ್ 1, ಹ್ಯೂಸ್ಟನ್ ಆಯಿಲರ್ಸ್ ತಂಡದಲ್ಲಿ ವಾರನ್ ಮೂನ್ ಹಾಕುತ್ತಿದ್ದ ಜೆರ್ಸಿ. ಆ ತಂಡ 1997ರಲ್ಲೇ ಊರು ಬಿಟ್ಟು ಟೆನೆಸಿಗೆ ಹೋಯಿತು. ಈಗ ಅದರ ಹೆಸರು ಟೈಟನ್ಸ್. ನಾನು ಕಂಡಂತೆ ಆ ತಂಡದ ಆಟ ಬಂದರೆ ಅಜ್ಜ ಚಾನೆಲ್ ಬದಲಿಸುತ್ತಿದ್ದರು. ಜೆರ್ಸಿ ಮಾತ್ರ ಗೋಡೆಯಿಂದ ಇಳಿಯಲಿಲ್ಲ.

ಹೋದ ಭಾನುವಾರ ಅವರ ಮನೆಗೆ ನೆಂಟರ ಹುಡುಗ ಒಬ್ಬ ಬಂದಿದ್ದ. ಜೆರ್ಸಿ ನೋಡಿ, "ಓ, ಬಫಲೋದಲ್ಲಿ 32 ಪಾಯಿಂಟ್ ಮುಂದಿದ್ದೂ ಸೋತರಲ್ಲ, ಅವರದ್ದಾ?" ಅಂದ. ಅಜ್ಜ ಮಾತಾಡಲಿಲ್ಲ. ಎದ್ದು ಹೋಗಿ ಜೆರ್ಸಿಯ ಭುಜದ ಮೇಲಿನ ಧೂಳು ಕೈಯಲ್ಲೇ ಒರೆಸಿದರು. ಅದನ್ನು ನೋಡಿದ ಮೇಲೆ ಇದನ್ನು ಬರೆಯಲೇಬೇಕು ಅನ್ನಿಸಿತು.

ವಾರನ್ ಮೂನ್ ಹುಟ್ಟಿದ್ದು 1956ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಏಳು ವರ್ಷದ ಹುಡುಗನಾಗಿದ್ದಾಗ ಅಪ್ಪ ತೀರಿಕೊಂಡರು. ತಾಯಿ ನರ್ಸ್. ಆರು ಜನ ಅಕ್ಕತಂಗಿಯರ ನಡುವೆ ಒಬ್ಬನೇ ಗಂಡುಹುಡುಗ. ಅಡುಗೆ, ಹೊಲಿಗೆ, ಇಸ್ತ್ರಿ ಎಲ್ಲ ಕಲಿತರು. ಹೈಸ್ಕೂಲಿನಲ್ಲಿ ಒಂದೇ ಆಟ ಆರಿಸಿಕೊಂಡರು, ಯಾಕೆಂದರೆ ಉಳಿದ ತಿಂಗಳಲ್ಲಿ ದುಡಿಯಬೇಕಿತ್ತು. ಆರಿಸಿದ್ದು ಫುಟ್‌ಬಾಲ್. ಅದರಲ್ಲೂ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ತಂಡದ ದಾಳಿ ನಡೆಸುವವನ ಜಾಗ.

ಅಲ್ಲಿಂದ ಶುರುವಾಯಿತು ತೊಂದರೆ. ಕಪ್ಪು ವರ್ಣೀಯ ಹುಡುಗ ವೇಗವಾಗಿ ಓಡಬಲ್ಲ, ಚೆಂಡು ಹಿಡಿಯಬಲ್ಲ, ಆದರೆ ತಂಡ ನಡೆಸುವ ತಲೆ ಇರಲ್ಲ ಅನ್ನುವ ಕೆಟ್ಟ ನಂಬಿಕೆ ಆಗ ಗಟ್ಟಿಯಾಗಿತ್ತು. ದೊಡ್ಡ ಕಾಲೇಜುಗಳು ಬೇರೆ ಜಾಗದಲ್ಲಿ ಆಡು ಅಂದವು. ಮೂನ್ ಒಪ್ಪಲಿಲ್ಲ. ವೆಸ್ಟ್ ಲಾಸ್ ಏಂಜಲೀಸ್ ಕಾಲೇಜು ಅನ್ನುವ ಎರಡು ವರ್ಷದ ಸಣ್ಣ ಕಾಲೇಜಿಗೆ ಸೇರಿ ಕ್ವಾರ್ಟರ್‌ಬ್ಯಾಕ್ ಆಗಿಯೇ ಆಡಿದರು. ಅಲ್ಲಿಂದ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಹೋದರು. 1978ರ ಜನವರಿ 2ರಂದು ಕಾಲೇಜು ತಂಡಗಳ ದೊಡ್ಡ ಪಂದ್ಯವಾದ ರೋಸ್ ಬೌಲ್‌ನಲ್ಲಿ ಮಿಷಿಗನ್ ತಂಡವನ್ನು 27-20ರಿಂದ ಸೋಲಿಸಿದರು. ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸುವ ಟಚ್‌ಡೌನ್ ಎರಡನ್ನು ತಾವೇ ಓಡಿ ಹೊಡೆದರು, ಒಂದನ್ನು ಎಸೆದು ಕೊಟ್ಟರು. ಪಂದ್ಯದ ಶ್ರೇಷ್ಠ ಆಟಗಾರನೂ ಅವರೇ.

ಅದೇ ವರ್ಷ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವುದು. 28 ತಂಡ, 12 ಸುತ್ತು. ಮೂನ್ ಹೆಸರನ್ನು ಒಬ್ಬರೂ ಕರೆಯಲಿಲ್ಲ. ಈ ಗಾಳಿ ಅವರಿಗೆ ಮೊದಲೇ ತಿಳಿದಿತ್ತು. ಡ್ರಾಫ್ಟ್‌ಗೆ ಕೆಲವು ವಾರ ಮುಂಚೆಯೇ ಕೆನಡಾದ ಎಡ್ಮಂಟನ್ ತಂಡಕ್ಕೆ ಸಹಿ ಹಾಕಿದ್ದರು. ಅಲ್ಲಿ ಆರು ವರ್ಷ ಆಡಿ, 1978ರಿಂದ 1982ರವರೆಗೆ ಕೆನಡಾ ಲೀಗ್‌ನ ಪ್ರಶಸ್ತಿಯಾದ ಗ್ರೇ ಕಪ್ಪನ್ನು ಸಾಲಾಗಿ ಐದು ಸಲ ಗೆದ್ದ ತಂಡದಲ್ಲಿದ್ದರು. ಆಮೇಲೆ 1984ರಿಂದ ಎನ್‌ಎಫ್‌ಎಲ್: ಹ್ಯೂಸ್ಟನ್, ಮಿನೆಸೋಟ, ಸಿಯಾಟಲ್, ಕ್ಯಾನ್ಸಸ್ ಸಿಟಿ. ಅಲ್ಲಿ ಎಸೆದು ಗಳಿಸಿದ್ದು 49,325 ಗಜ, 291 ಟಚ್‌ಡೌನ್ ಪಾಸ್. 2006ರಲ್ಲಿ ಆಟದ ಶ್ರೇಷ್ಠರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದ ಮೊದಲ ಕಪ್ಪು ವರ್ಣೀಯ ಕ್ವಾರ್ಟರ್‌ಬ್ಯಾಕ್.

ನನ್ನ ಮಾತು ಇಷ್ಟೇ. ಮೂನ್ ಅವರ ವೃತ್ತಿಯನ್ನು 1984ರಿಂದ ಎಣಿಸುವುದು ಅನ್ಯಾಯ. 1978ರಿಂದ ಎಣಿಸಬೇಕು. ನೀವೆಲ್ಲ ಏನಂತೀರಿ?

ಹೊಸ ಓದುಗ:

ಸರ್, ತುಂಬಾ ಚೆನ್ನಾಗಿ ಬರೆದಿದ್ದೀರಿ. ಆದರೆ ನನಗೆ ಈ ಆಟ ಹೊಸದು. ಈ ಜಾಗಕ್ಕೆ ಯಾಕೆ ಇಷ್ಟೊಂದು ಗಲಾಟೆ? ತಂಡದಲ್ಲಿ 11 ಜನ ಇರುತ್ತಾರಲ್ಲ, ಬೇರೆ ಜಾಗದಲ್ಲಿ ಆಡಿದ್ದರೆ ಆಗ್ತಿರಲಿಲ್ವಾ?

ಬಯೂದಂಡೆ:

ಒಳ್ಳೆಯ ಪ್ರಶ್ನೆ. ಹೀಗೆ ಯೋಚಿಸಿ. ಹತ್ತು ಗಜ ಮುಂದೆ ಹೋಗಲು ನಿಮಗೆ ನಾಲ್ಕು ಪ್ರಯತ್ನ ಇದೆ. ಪ್ರತಿ ಸಲ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಆಟ ಶುರುವಾಗುವ ಮುಂಚೆ ಎದುರಿನವರು ಹೇಗೆ ನಿಂತಿದ್ದಾರೆ ಅಂತ ಅವನು ಓದಬೇಕು. ಬೇಕಾದರೆ ನಿಂತಲ್ಲೇ ಕೂಗಿ ಯೋಜನೆ ಬದಲಿಸಬೇಕು. ಚೆಂಡು ಕೈಗೆ ಬಂದ ಮೇಲೆ ಅವನಿಗೆ ಸಿಗುವುದು ಮೂರು ಸೆಕೆಂಡ್, ಹೆಚ್ಚೆಂದರೆ. ನೂರಿಪ್ಪತ್ತು ಮೂವತ್ತು ಕೆಜಿ ತೂಕದವರು ಅವನ ಕಡೆಗೇ ನುಗ್ಗುತ್ತಿರುತ್ತಾರೆ. ಅಷ್ಟರಲ್ಲಿ ಯಾರು ಖಾಲಿ ಇದ್ದಾರೆ, ಇನ್ನೊಂದು ಕ್ಷಣದಲ್ಲಿ ಯಾರು ಖಾಲಿ ಆಗ್ತಾರೆ ಅಂತ ನೋಡಿ ಎಸೆಯಬೇಕು.

ಅಂದರೆ ಅದು ನಂಬಿಕೆಯ ಜಾಗ. ಆ ಜಾಗ ಕೊಡುವುದಿಲ್ಲ ಅಂದರೆ, ನಿನ್ನ ಮೈ ಬೇಕು, ನಿನ್ನ ತೀರ್ಮಾನ ಬೇಡ ಅಂತ ಹೇಳಿದ ಹಾಗೆ. ಮೂನ್ ಒಪ್ಪದೇ ಇದ್ದದ್ದು ಅದಕ್ಕೇ.

ಅಜ್ಜ ನನ್ನ ಮಗಳಿಗೆ ಚೆಂಡು ಎಸೆಯೋದು ಕಲಿಸಿದ್ದು ಮೂನ್ ಹೆಸರಿನಲ್ಲೇ. ಚೆಂಡಿನ ಹೊಲಿಗೆಯ ದಾರದ ಮೇಲೆ ಬೆರಳು ಕೂರಬೇಕು. ಅಂಗೈಗೆ ಪೂರ್ತಿ ಅಂಟಬಾರದು, ನಡುವೆ ಸ್ವಲ್ಪ ಗಾಳಿ ಆಡಬೇಕು. ಬಿಡುವಾಗ ತೋರುಬೆರಳು ಕೊನೆಗೆ ಬಿಡಬೇಕು, ಹೆಬ್ಬೆರಳು ನೆಲದ ಕಡೆ ತಿರುಗಬೇಕು. ಆಗ ಚೆಂಡು ಬುಗುರಿ ಹಾಗೆ ತಿರುಗುತ್ತಾ, ಮೂತಿ ಅಲ್ಲಾಡದೆ ಹೋಗುತ್ತದೆ. ಮೂನ್ ಎಸೆದ ಚೆಂಡಿನ ಆ ತಿರುಗು ನೋಡುವುದಕ್ಕೇ ಜನ ಟಿಕೆಟ್ ಕೊಳ್ಳುತ್ತಿದ್ದರು ಅನ್ನುತ್ತಾರೆ ಅಜ್ಜ. ಹಳೆಯ ವಿಡಿಯೊ ಹುಡುಕಿ ನೋಡಿ, ಐವತ್ತು ಗಜ ದೂರ ಹೋದರೂ ಚೆಂಡು ನಡುಗುವುದಿಲ್ಲ.

ಲೆಕ್ಕದ ಮೇಷ್ಟ್ರು:

ಬಯೂದಂಡೆ ಅವರೇ, ಮೂನ್ ಬಗ್ಗೆ ನನಗೂ ಗೌರವ ಇದೆ. ಆದರೆ ಲೆಕ್ಕ ಲೆಕ್ಕವೇ. ಆಗ ಕೆನಡಾ ಲೀಗ್‌ನಲ್ಲಿ ಇದ್ದದ್ದು ಒಂಬತ್ತೇ ತಂಡ. ಮೈದಾನ ದೊಡ್ಡದು, 110 ಗಜ ಉದ್ದ, 65 ಗಜ ಅಗಲ. ಎಸೆಯಲು ಜಾಗ ಜಾಸ್ತಿ. ಅಲ್ಲಿನ ಗಜವನ್ನೂ ಇಲ್ಲಿನ ಗಜವನ್ನೂ ಕೂಡಿಸುವುದು ಸರಿಯಲ್ಲ. ಎನ್‌ಎಫ್‌ಎಲ್ ಪ್ಲೇಆಫ್‌ನಲ್ಲಿ, ಅಂದರೆ ಸೀಸನ್ ಕೊನೆಯ ನಾಕೌಟ್ ಮ್ಯಾಚ್‌ಗಳಲ್ಲಿ, ಅವರ ದಾಖಲೆ 3 ಗೆಲುವು, 7 ಸೋಲು. ಆಯಿಲರ್ಸ್ 1987ರಿಂದ 1993ರವರೆಗೆ ಏಳು ಸೀಸನ್ ಸಾಲಾಗಿ ಪ್ಲೇಆಫ್‌ಗೆ ಹೋಯಿತು. ಒಂದು ಸಲವೂ ಫೈನಲ್ ಆದ ಸೂಪರ್ ಬೌಲ್ ಇರಲಿ, ಅದರ ಹಿಂದಿನ ಮ್ಯಾಚಿಗೂ ಮುಟ್ಟಲಿಲ್ಲ. ಹಾಲ್ ಆಫ್ ಫೇಮ್ ಸರಿ. ಆದರೆ ಎಲ್ಲರಿಗಿಂತ ಮೇಲಿನ ಸಾಲಿನಲ್ಲಿ ಕೂರಿಸಲು ನನಗೆ ಮನಸ್ಸು ಬರುವುದಿಲ್ಲ.

ಎಡ್ಮಂಟನ್ ಚಳಿ:

ಮೇಷ್ಟ್ರೇ, ನಾನು ಎಡ್ಮಂಟನ್‌ನಲ್ಲಿ ಇರುವವನು, ಇದಕ್ಕೆ ಉತ್ತರ ಕೊಡದೆ ಇರಲಾರೆ. ಮೈದಾನ ದೊಡ್ಡದು, ಒಪ್ಪಿದೆ. ಆದರೆ ಇಲ್ಲಿ ಹತ್ತು ಗಜಕ್ಕೆ ಸಿಗುವುದು ಮೂರೇ ಪ್ರಯತ್ನ. ಮೂರನೆಯದು ಸಾಮಾನ್ಯವಾಗಿ ಚೆಂಡು ಒದ್ದು ಕಳಿಸುವುದಕ್ಕೇ ಹೋಗುತ್ತದೆ. ಅಂದರೆ ಇರುವುದು ಎರಡು. ಒಂದು ಪಾಸ್ ತಪ್ಪಿದರೆ ಮುಗಿಯಿತು. ಎದುರಿಗೆ ಒಬ್ಬ ಆಟಗಾರ ಜಾಸ್ತಿ, 12 ಜನ. ಅಕ್ಟೋಬರ್ ನವೆಂಬರ್ ಚಳಿಯಲ್ಲಿ ಚೆಂಡು ಕಲ್ಲಿನ ಹಾಗೆ ಆಗುತ್ತದೆ.

ಇನ್ನೊಂದು ವಿಷಯ. ಮೂನ್ ಬಂದ ದಿನವೇ ಅವರಿಗೆ ತಂಡ ಒಪ್ಪಿಸಲಿಲ್ಲ. ಕೋಚ್ ಹ್ಯೂ ಕ್ಯಾಂಬೆಲ್ ಹತ್ತಿರ ಟಾಮ್ ವಿಲ್ಕಿನ್‌ಸನ್ ಅನ್ನುವ ಅನುಭವಿ ಇದ್ದರು. ನೋಡಲು ಗಿಡ್ಡ, ಸ್ವಲ್ಪ ದಪ್ಪ, ಆಟದ ಬುದ್ಧಿ ಮಾತ್ರ ಚುರುಕು. ಮೊದಲ ವರ್ಷಗಳಲ್ಲಿ ಇಬ್ಬರೂ ಹಂಚಿಕೊಂಡು ಆಡಿದರು.

1981ರ ಗ್ರೇ ಕಪ್ ಫೈನಲ್ ಕೇಳಿ. ಮಾಂಟ್ರಿಯಲ್‌ನ ಒಲಿಂಪಿಕ್ ಸ್ಟೇಡಿಯಂ. ಎಡ್ಮಂಟನ್ ಆ ಸೀಸನ್‌ನಲ್ಲಿ ಸೋತಿದ್ದು ಒಂದೇ ಮ್ಯಾಚ್. ಎದುರಿಗೆ ಆಟವಾ, ಸೀಸನ್‌ನಲ್ಲಿ ಗೆದ್ದಿದ್ದೇ ಐದು. ಅರ್ಧ ಆಟ ಮುಗಿದಾಗ ಆಟವಾ 20, ಎಡ್ಮಂಟನ್ 1. ಮೂನ್ ಎಷ್ಟು ಕೆಟ್ಟದಾಗಿ ಆಡಿದರು ಅಂದರೆ ಕೋಚ್ ಅವರನ್ನು ಕೂರಿಸಿ ವಿಲ್ಕಿನ್‌ಸನ್ ಅವರನ್ನು ಇಳಿಸಿದರು. ಆಮೇಲೆ ಮತ್ತೆ ಮೂನ್ ಒಳಗೆ ಬಂದರು. ಆಟ ಪೂರ್ತಿ ತಿರುಗಿತು. ಕೊನೆಯ ಗಳಿಗೆಯಲ್ಲಿ ಡೇವ್ ಕಟ್ಲರ್ ಒದ್ದ ಗೋಲು ಒಳಗೆ ಬಿತ್ತು. 26-23. ಫೈನಲ್‌ನಲ್ಲಿ 19 ಪಾಯಿಂಟ್ ಹಿಂದಿದ್ದು ಗೆದ್ದವರಿಗೆ "ದೊಡ್ಡ ಮ್ಯಾಚ್‌ನಲ್ಲಿ ಕೈಕೊಟ್ಟವರು" ಅನ್ನುವ ಹೆಸರು ಹೇಗೆ ಅಂಟಿತು ಅಂತ ನನಗೆ ಇವತ್ತಿಗೂ ಅರ್ಥ ಆಗಲ್ಲ.

1982ರಲ್ಲಿ ಒಂದೇ ಸೀಸನ್‌ನಲ್ಲಿ ಎಸೆದು 5,000 ಗಜ ಮುಟ್ಟಿದರು. ಯಾವ ವೃತ್ತಿಪರ ಲೀಗ್‌ನಲ್ಲೂ ಅದಕ್ಕೂ ಮುಂಚೆ ಯಾರೂ ಮುಟ್ಟಿರಲಿಲ್ಲ. ಮುಂದಿನ ವರ್ಷ 5,648.

ತುಂಗಾತೀರ:

ಒಂದು ಅನುಮಾನ, ತಪ್ಪು ತಿಳಿಯಬೇಡಿ. ಅದೇ 1978ರ ಡ್ರಾಫ್ಟ್‌ನಲ್ಲಿ ಡಗ್ ವಿಲಿಯಮ್ಸ್ ಅವರನ್ನು ಟ್ಯಾಂಪಾ ಬೇ ತಂಡ ಮೊದಲ ಸುತ್ತಿನಲ್ಲೇ, 17ನೆಯವರಾಗಿ ತೆಗೆದುಕೊಂಡಿತಲ್ಲ? ಅವರೂ ಕಪ್ಪು ವರ್ಣೀಯರೇ, ಅವರೂ ಕ್ವಾರ್ಟರ್‌ಬ್ಯಾಕೇ. ಮುಂದೆ 1988ರ ಜನವರಿಯಲ್ಲಿ ವಾಷಿಂಗ್ಟನ್ ತಂಡಕ್ಕೆ ಸೂಪರ್ ಬೌಲ್ ಗೆದ್ದುಕೊಟ್ಟರು, ಒಂದೇ ಕ್ವಾರ್ಟರ್‌ನಲ್ಲಿ ನಾಲ್ಕು ಟಚ್‌ಡೌನ್ ಪಾಸ್. ಹಾಗಾದರೆ ಮೂನ್ ವಿಷಯದಲ್ಲಿ ಬಣ್ಣ ಒಂದೇ ಕಾರಣ ಅನ್ನಬಹುದಾ? ಕೆನಡಾಕ್ಕೆ ಮೊದಲೇ ಸಹಿ ಹಾಕಿದ್ದೂ ಕಾರಣ ಅಲ್ವಾ?

ಬಯೂದಂಡೆ:

ತುಂಗಾತೀರ, ಕೇಳಲೇಬೇಕಾದ ಪ್ರಶ್ನೆ. ಸಹಿ ಹಾಕಿದ್ದೂ ಕಾರಣ, ನಿಜ. ಆದರೆ ಅವರು ಸಹಿ ಹಾಕಿದ್ದಾದರೂ ಯಾಕೆ? ಕ್ವಾರ್ಟರ್‌ಬ್ಯಾಕ್ ಆಗಿ ಮೇಲಿನ ಸುತ್ತಿನಲ್ಲಿ ಯಾರೂ ತೆಗೆದುಕೊಳ್ಳಲ್ಲ, ಜಾಗ ಬದಲಿಸು ಅನ್ನುವ ಮಾತು ಬರುತ್ತಿತ್ತು.

ಅವರ ಹಿಂದಿನವರನ್ನು ನೋಡಿ. ಮಾರ್ಲಿನ್ ಬ್ರಿಸ್ಕೋ 1968ರಲ್ಲಿ ಡೆನ್ವರ್‌ಗೆ ಕ್ವಾರ್ಟರ್‌ಬ್ಯಾಕ್ ಆಗಿ 14 ಟಚ್‌ಡೌನ್ ಎಸೆದರು. ಮರುವರ್ಷ ಬಫಲೋದಲ್ಲಿ ಅವರು ರಿಸೀವರ್, ಅಂದರೆ ಎಸೆದ ಚೆಂಡು ಹಿಡಿಯುವವರು. ಚಕ್ ಈಲಿ ಟೊಲಿಡೊ ವಿಶ್ವವಿದ್ಯಾಲಯಕ್ಕೆ ಆಡಿದ 35 ಮ್ಯಾಚ್‌ಗಳಲ್ಲಿ 35ನ್ನೂ ಗೆದ್ದವರು. ಒಂದೂ ಸೋಲಿಲ್ಲ. 1972ರ ಡ್ರಾಫ್ಟ್‌ನಲ್ಲಿ ಅವರನ್ನು ಯಾರೂ ತೆಗೆದುಕೊಳ್ಳಲಿಲ್ಲ. ಕೆನಡಾದ ಹ್ಯಾಮಿಲ್ಟನ್‌ಗೆ ಹೋಗಿ ಮೊದಲ ವರ್ಷವೇ ಗ್ರೇ ಕಪ್ ಗೆದ್ದರು. ಕಾಂಡ್ರೆಜ್ ಹಾಲೋವೇ ಅವರನ್ನು 1975ರಲ್ಲಿ ನ್ಯೂ ಇಂಗ್ಲೆಂಡ್ ತೆಗೆದುಕೊಂಡಿದ್ದು ರಕ್ಷಣೆ ಕಡೆಯ ಆಟಗಾರನಾಗಿ. ಅವರೂ ಕೆನಡಾಕ್ಕೇ ಹೊರಟರು. ಇಷ್ಟು ಜನ ಒಂದೇ ದಾರಿ ಹಿಡಿದಿದ್ದಾರೆ ಅಂದರೆ ಅದು ಒಬ್ಬೊಬ್ಬರ ಹಣೆಬರಹ ಅಂತ ಬಿಡಲು ಆಗುವುದಿಲ್ಲ.

ವಿಲಿಯಮ್ಸ್ ವಿಷಯ ಬೇರೆ. ಟ್ಯಾಂಪಾದಲ್ಲಿ ಆಗ ಸಹಾಯಕ ಕೋಚ್ ಆಗಿದ್ದ ಜೋ ಗಿಬ್ಸ್ ಖುದ್ದಾಗಿ ಲೂಸಿಯಾನಾದ ಗ್ರ್ಯಾಂಬ್ಲಿಂಗ್‌ಗೆ ಹೋಗಿ ಅವರನ್ನು ನೋಡಿ ಬಂದು ಇವರನ್ನೇ ತೆಗೆದುಕೊಳ್ಳಿ ಅಂದರು. ಹತ್ತು ವರ್ಷದ ಮೇಲೆ ವಾಷಿಂಗ್ಟನ್‌ಗೆ ಸೂಪರ್ ಬೌಲ್ ಗೆದ್ದಾಗ ಕೋಚ್ ಆಗಿದ್ದವರೂ ಅದೇ ಗಿಬ್ಸ್. ಒಬ್ಬ ಮನುಷ್ಯ ಹೋಗಿ ಕಣ್ಣಾರೆ ನೋಡಿದ. ಮೂನ್‌ಗೆ ಆ ಒಬ್ಬ ಸಿಕ್ಕಿದ್ದು ಗಡಿಯಾಚೆ, ಹ್ಯೂ ಕ್ಯಾಂಬೆಲ್ ರೂಪದಲ್ಲಿ. 1984ರಲ್ಲಿ ಹ್ಯೂಸ್ಟನ್‌ಗೆ ಮೂನ್ ಬಂದಾಗ ಇಲ್ಲಿ ಕೋಚ್ ಆಗಿದ್ದವರೂ ಕ್ಯಾಂಬೆಲ್ಲೇ.

ತುಂಗಾತೀರ:

ಈಲಿ ಬಗ್ಗೆ ಗೊತ್ತೇ ಇರಲಿಲ್ಲ. 35ಕ್ಕೆ 35! ನನ್ನ ಅನುಮಾನ ಹೋಯಿತು.

ಹೊಸ ಓದುಗ:

ಬಫಲೋ ಮ್ಯಾಚ್‌ನಲ್ಲಿ ಏನಾಯಿತು ಅಂತ ಯಾರಾದರೂ ಬಿಡಿಸಿ ಹೇಳ್ತೀರಾ?

ಲೆಕ್ಕದ ಮೇಷ್ಟ್ರು:

ನಾನೇ ಹೇಳುತ್ತೇನೆ. 1993ರ ಜನವರಿ 3. ಬಫಲೋ ತಂಡದ ಮುಖ್ಯ ಕ್ವಾರ್ಟರ್‌ಬ್ಯಾಕ್ ಜಿಮ್ ಕೆಲಿ ಗಾಯಗೊಂಡು ಹೊರಗೆ. ಬದಲಿಗೆ ಫ್ರಾಂಕ್ ರೈಕ್. ಮೊದಲರ್ಧದಲ್ಲಿ ಮೂನ್ 22 ಪಾಸ್‌ನಲ್ಲಿ 19 ಮುಟ್ಟಿಸಿದರು, ನಾಲ್ಕು ಟಚ್‌ಡೌನ್. 28-3. ಎರಡನೆಯ ಅರ್ಧ ಶುರುವಾಗುತ್ತಲೇ ಹ್ಯೂಸ್ಟನ್‌ನ ಬಬ್ಬಾ ಮೆಕ್‌ಡವೆಲ್ ರೈಕ್ ಎಸೆದ ಚೆಂಡನ್ನು ಹಿಡಿದು 58 ಗಜ ಓಡಿ ಟಚ್‌ಡೌನ್ ಹೊಡೆದರು. 35-3. ಅಲ್ಲಿಂದ ಬಫಲೋ ಅದೇ ಕ್ವಾರ್ಟರ್‌ನಲ್ಲಿ 28 ಪಾಯಿಂಟ್ ಬಾರಿಸಿತು. ಕೊನೆಗೆ ಹೆಚ್ಚುವರಿ ಸಮಯದಲ್ಲಿ ಮೂನ್ ಎಸೆದ ಚೆಂಡನ್ನು ಬಫಲೋದ ನೇಟ್ ಓಡಮ್ಸ್ ಹಿಡಿದರು. ಬಫಲೋ ಗೋಲು ಒದ್ದು 41-38ರಿಂದ ಗೆದ್ದಿತು.

ಇದನ್ನು ಬರೆಯುವ ಮುಂಚೆ ಮ್ಯಾಚ್‌ನ ವಿವರ ಮತ್ತೆ ತೆಗೆದು ನೋಡಿದೆ. ನ್ಯಾಯವಾಗಿ ಹೇಳಬೇಕಾದ ಎರಡು ಮಾತಿದೆ. 38-35ರಿಂದ ಹಿಂದೆ ಬಿದ್ದ ಮೇಲೆ, ಇನ್ನು 12 ಸೆಕೆಂಡ್ ಇರುವಾಗ ಸಮ ಮಾಡಿಕೊಳ್ಳುವಷ್ಟು ಹತ್ತಿರಕ್ಕೆ ತಂಡವನ್ನು ಕೊಂಡೊಯ್ದವರು ಮೂನ್. ಅಷ್ಟು ಹೊಡೆತ ತಿಂದ ಮೇಲೂ. ಇನ್ನೊಂದು, ಆ ಸೋಲಿನ ನಂತರ ಹ್ಯೂಸ್ಟನ್ ಕೆಲಸದಿಂದ ತೆಗೆದದ್ದು ರಕ್ಷಣೆ ವಿಭಾಗದ ಕೋಚ್‌ಗಳನ್ನು. 38 ಪಾಯಿಂಟ್ ಗಳಿಸಿದ ತಂಡ ಸೋತರೆ ಎಸೆದವನೊಬ್ಬನ ಮೇಲೆ ಹೊರಿಸುವುದು ಸರಿಯಲ್ಲ ಅನ್ನುವುದನ್ನು ಒಪ್ಪುತ್ತೇನೆ.

ಬಯೂದಂಡೆ:

ಮೇಷ್ಟ್ರೇ, ಇದಕ್ಕೆ ಕೈ ಮುಗಿದೆ. ಒಂದೇ ಸೇರಿಸುವುದು. ಹ್ಯೂಸ್ಟನ್ ಆಗ ಆಡುತ್ತಿದ್ದದ್ದು ರನ್ ಅಂಡ್ ಶೂಟ್. ನಾಲ್ಕು ರಿಸೀವರ್‌ಗಳು, ಬಹುಪಾಲು ಪಾಸೇ. ಅರ್ನೆಸ್ಟ್ ಗಿವಿನ್ಸ್, ಹೇವುಡ್ ಜೆಫ್ರಿಸ್ ಇಂಥವರು ಓಡುತ್ತಾ ಓಡುತ್ತಾ ಎದುರಾಳಿಯನ್ನು ನೋಡಿ ದಿಕ್ಕು ಬದಲಿಸುತ್ತಿದ್ದರು. ಅವರು ಏನು ನೋಡಿದರೋ ಅದನ್ನೇ ಮೂನ್ ಕೂಡ ಅದೇ ಕ್ಷಣ ನೋಡಿರಬೇಕು. ಇಲ್ಲದಿದ್ದರೆ ಚೆಂಡು ಒಂದು ಕಡೆ, ಮನುಷ್ಯ ಇನ್ನೊಂದು ಕಡೆ. ಈ ಪದ್ಧತಿಯಲ್ಲೇ 1990ರ ಡಿಸೆಂಬರ್‌ನಲ್ಲಿ ಕ್ಯಾನ್ಸಸ್ ಸಿಟಿ ವಿರುದ್ಧ ಒಂದೇ ಮ್ಯಾಚ್‌ನಲ್ಲಿ 527 ಗಜ ಎಸೆದರು. ಆದರೆ ಮುಂದಿರುವಾಗ ಗಡಿಯಾರ ಓಡಿಸಬೇಕಾದರೆ ಚೆಂಡು ಹಿಡಿದು ನೆಲದ ಮೇಲೆ ಓಡುವ ಆಟ ಬೇಕು. ಪಾಸ್ ತಪ್ಪಿದರೆ ಗಡಿಯಾರ ನಿಲ್ಲುತ್ತದೆ. ಬಫಲೋದಲ್ಲಿ ಈ ಕೊರತೆಯೂ ಕಾಡಿತು.

ಅತಿ ಹೆಚ್ಚು ಪಾಯಿಂಟ್ ಹಿಂದಿದ್ದು ಗೆದ್ದ ಆ ಮ್ಯಾಚಿನ ದಾಖಲೆ 2022ರ ಡಿಸೆಂಬರ್‌ವರೆಗೂ ಇತ್ತು. ಮುರಿದದ್ದು ಮಿನೆಸೋಟ, 33-0 ಹಿಂದಿದ್ದು ಗೆದ್ದಿತು. ಅದೂ ಮೂನ್ ಮೂರು ವರ್ಷ ಆಡಿದ ತಂಡವೇ.

ಕಾವೇರಿ ಮಗಳು:

ಎಲ್ಲರ ಮಾತೂ ಓದಿದೆ. ಖುಷಿಯಾಯಿತು. ಆದರೆ ಒಬ್ಬರ ಬದುಕು ಅಂತ ಬರೆಯುವಾಗ ಪೂರ್ತಿ ಬರೆಯೋಣ. 1995ರಲ್ಲಿ ಹೆಂಡತಿಯ ಮೇಲೆ ಕೈ ಮಾಡಿದ ಆರೋಪದಲ್ಲಿ ಮೂನ್ ಅವರನ್ನು ಬಂಧಿಸಿದ್ದರು. ವಿಚಾರಣೆ ನಡೆಯಿತು. ಹೆಂಡತಿ ಅವರ ಪರವಾಗಿಯೇ ಸಾಕ್ಷಿ ಹೇಳಿದರು. 1996ರ ಫೆಬ್ರವರಿಯಲ್ಲಿ ಜ್ಯೂರಿ ತಪ್ಪಿತಸ್ಥರಲ್ಲ ಎಂದಿತು. ಕೋರ್ಟ್ ಹೇಳಿದ್ದಕ್ಕಿಂತ ಹೆಚ್ಚು ನಾನು ಹೇಳುವುದಿಲ್ಲ. ಆದರೆ ಈ ಪುಟವನ್ನು ಹಾರಿಸಿ ಬರೆದರೆ ಓದುವ ಹೆಣ್ಣುಮಕ್ಕಳಿಗೆ ಅದು ಗೊತ್ತಾಗುತ್ತದೆ.

ಬಯೂದಂಡೆ:

ಅಕ್ಕಾ, ನೀವು ಹೇಳಿದ್ದು ಸರಿ. ನಾನೇ ಬರೆಯಬೇಕಿತ್ತು. ಮೊದಲ ಪೋಸ್ಟ್‌ನಲ್ಲಿ ಬಿಟ್ಟದ್ದು ನನ್ನ ತಪ್ಪು.

ಸಿಯಾಟಲ್ ಮಳೆ:

ಸಿಯಾಟಲ್ ಕಡೆಯಿಂದ ನನ್ನದೂ ಇರಲಿ. ವಿಶ್ವವಿದ್ಯಾಲಯದ ಮೊದಲ ಎರಡು ವರ್ಷ ಈ ಊರಿನ ಜನ ಮೂನ್ ಅವರನ್ನು ಅವರದೇ ಮೈದಾನದಲ್ಲಿ ಕೂಗಿ ಹೀಯಾಳಿಸಿದ್ದರು. ಸ್ವಂತ ಊರಿನ ಪ್ರೇಕ್ಷಕರೇ. ಇಪ್ಪತ್ತು ವರ್ಷ ಕಳೆದು 1997ರಲ್ಲಿ ಸೀಹಾಕ್ಸ್ ತಂಡಕ್ಕೆ ಬಂದರು. ಬಂದದ್ದು ಬದಲಿ ಆಟಗಾರನಾಗಿ. ಜಾನ್ ಫ್ರೀಜ್ ಗಾಯಗೊಂಡ ಮೇಲೆ ಆಟಕ್ಕೆ ಇಳಿದರು. ವಯಸ್ಸು 40. ಆ ಸೀಸನ್ 25 ಟಚ್‌ಡೌನ್, 3,678 ಗಜ. ಅಕ್ಟೋಬರ್‌ನಲ್ಲಿ ಓಕ್‌ಲ್ಯಾಂಡ್ ವಿರುದ್ಧ ಒಂದೇ ಮ್ಯಾಚ್‌ನಲ್ಲಿ ಐದು ಟಚ್‌ಡೌನ್, 409 ಗಜ. ಅದೇ ಊರು ಎದ್ದು ನಿಂತು ಚಪ್ಪಾಳೆ ಹೊಡೆಯಿತು.

ನಿವೃತ್ತಿ ಆದ ಮೇಲೆ ಎಷ್ಟೋ ವರ್ಷ ಸೀಹಾಕ್ಸ್ ರೇಡಿಯೊ ಕಾಮೆಂಟರಿ ಮಾಡಿದರು. ನಾನು ಈ ಆಟ ಕಲಿತದ್ದು ಆ ದನಿಯಿಂದ. ಭಾನುವಾರ ಮಳೆಯಲ್ಲಿ ದಿನಸಿ ತರಲು ಹೋಗುವಾಗ ಕಾರಿನಲ್ಲಿ ಹಾಕುತ್ತಿದ್ದೆ. ಅಂಗಡಿ ಮುಂದೆ ಕಾರು ನಿಲ್ಲಿಸಿದ ಮೇಲೂ ಇಳಿಯದೆ ಕೇಳುತ್ತಾ ಕೂತದ್ದುಂಟು.

ಎಡ್ಮಂಟನ್ ಚಳಿ:

ಮೇಷ್ಟ್ರೇ, ಈಗಲಾದರೂ 1978ರಿಂದ ಎಣಿಸ್ತೀರಾ?

ಲೆಕ್ಕದ ಮೇಷ್ಟ್ರು:

ಗಜ ಕೂಡಿಸುವುದಿಲ್ಲ, ಅದರಲ್ಲಿ ನನ್ನ ಮಾತು ಬದಲಾಗಿಲ್ಲ. ಎರಡು ಬೇರೆ ಆಟ. ಆದರೆ ವರ್ಷ ಎಣಿಸುತ್ತೇನೆ. 1978ರಿಂದ 2000ದವರೆಗೆ, 23 ಸೀಸನ್. ಕೊನೆಯ ಸೀಸನ್‌ನಲ್ಲಿ ಅವರಿಗೆ 44 ತುಂಬಿತು. ಅಮೆರಿಕದ ಹಾಲ್ ಆಫ್ ಫೇಮ್‌ನಲ್ಲೂ ಕೆನಡಾದ ಹಾಲ್ ಆಫ್ ಫೇಮ್‌ನಲ್ಲೂ ಅವರ ಹೆಸರಿದೆ. ಆ ಆರು ವರ್ಷ ಲೆಕ್ಕಕ್ಕಿಲ್ಲ ಅಂತ ಇನ್ನು ಮುಂದೆ ನಾನು ಹೇಳುವುದಿಲ್ಲ.

ಹೊಸ ಓದುಗ:

ಆ ನಂಬರ್ 1 ಜೆರ್ಸಿ ಈಗ ಯಾರದ್ದು ಸರ್?

ಬಯೂದಂಡೆ:

2006ರಲ್ಲಿ ಟೈಟನ್ಸ್ ಆ ನಂಬರನ್ನು ಮೂನ್ ಗೌರವಕ್ಕೆ ಎತ್ತಿಟ್ಟಿತು. ಇನ್ನು ಯಾರಿಗೂ ಇಲ್ಲ ಅಂತ. 2025ರ ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಕ್ಯಾಮ್ ವಾರ್ಡ್‌ನನ್ನು ತೆಗೆದುಕೊಂಡರು. ನಮ್ಮ ಹ್ಯೂಸ್ಟನ್‌ನಿಂದ ಕಾರಿನಲ್ಲಿ ಒಂದು ಗಂಟೆ ದೂರದ ವೆಸ್ಟ್ ಕೊಲಂಬಿಯಾ ಅನ್ನುವ ಸಣ್ಣ ಊರಿನ ಹುಡುಗ. ಹೈಸ್ಕೂಲ್ ಮುಗಿಸಿದಾಗ ಅವನನ್ನೂ ದೊಡ್ಡ ಕಾಲೇಜುಗಳು ಕೇಳಿರಲಿಲ್ಲ. ಸ್ಯಾನ್ ಆಂಟೋನಿಯೊದ ಸಣ್ಣ ಕಾಲೇಜೊಂದರಿಂದ ಮೇಲೆ ಬಂದವನು. ನಂಬರ್ 1 ಹಾಕಿಕೊಳ್ಳಲು ಮೂನ್ ಖುಷಿಯಿಂದ ಒಪ್ಪಿಗೆ ಕೊಟ್ಟರು.

ಆ ಸೆಪ್ಟೆಂಬರ್‌ನಲ್ಲಿ ವಾರ್ಡ್‌ನ ಮೊದಲ ಮ್ಯಾಚ್ ಡೆನ್ವರ್‌ನಲ್ಲಿ ಇತ್ತು. ಭಾನುವಾರ ಮಧ್ಯಾಹ್ನ ಅಜ್ಜ ನಮ್ಮ ಬಾಗಿಲು ಬಡಿದರು. ತಮ್ಮ ಟಿವಿಯಲ್ಲಿ ಆ ಚಾನೆಲ್ ಹೇಗೆ ಹಾಕುವುದು ತೋರಿಸು ಅಂದರು. ಹೋಗಿ ಹಾಕಿಕೊಟ್ಟೆ. ಟೆನೆಸಿ ಸೋತಿತು. ಅಜ್ಜ ಕೊನೆಯವರೆಗೂ ಕೂತು ನೋಡಿದರು.